ಏಳು ತಿಂಗಳು ಬಿಟ್ಟಿದ್ದ ಅಣ್ಣ ಮತ್ತೆ ಕುಡಿದ. ಇದು ಮೆದುಳಿನ ಆಟವಾ, ಬರೀ ನೆಪವಾ?

ತಿಪಟೂರಿನವನು:
ನಮ್ಮಣ್ಣ ಏಳು ತಿಂಗಳು ಒಂದು ತೊಟ್ಟೂ ಮುಟ್ಟಿರಲಿಲ್ಲ. ಹೋದ ವಾರ ತುಮಕೂರಿಗೆ ಹೋಗಿದ್ದ, ವಾಪಸ್ ಬರುವಾಗ ಹಿಂದೆ ದಿನಾ ಕೂರುತ್ತಿದ್ದ ಬಾರ್ ಎದುರಿಗೇ ಬಸ್ ನಿಂತಿದೆ, ಇಳಿದುಬಿಟ್ಟಿದ್ದಾನೆ. "ರುಚಿಯೂ ಹಿಡಿಸಲಿಲ್ಲ ಕಣೋ, ಆದರೂ ಕಾಲು ತಾನಾಗೇ ಹೋಯಿತು" ಅಂತಾನೆ. ಅಪ್ಪ ಮಾತ್ರ ಮನಸ್ಸು ಗಟ್ಟಿ ಇಲ್ಲ, ಎಲ್ಲಾ ನೆಪ ಅಂತಾರೆ. ಹಿಡಿಸದೇ ಇರೋದು ಬೇಕು ಅನ್ನಿಸೋಕೆ ಸಾಧ್ಯವಾ?

ಸಂಜೆಮಲ್ಲಿಗೆ:
ಸಾಧ್ಯ. 'ಬೇಕು' ಅನ್ನೋದು, 'ಹಿಡಿಸಿತು' ಅನ್ನೋದು ಮೆದುಳಿನಲ್ಲಿ ಬೇರೆ ಬೇರೆ. ಮಿಶಿಗನ್ ವಿಶ್ವವಿದ್ಯಾಲಯದ ಟೆರ್ರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ 1993ರಲ್ಲೇ ಇದನ್ನು ಹೇಳಿದರು. ಡೋಪಮೈನ್ ಅಂತ ಮೆದುಳಿನಲ್ಲಿ ಒಂದು ರಾಸಾಯನಿಕ ಇದೆ, ಅದು ಇಲ್ಲದ ಹಾಗೆ ಮಾಡಿದ ಇಲಿ ಊಟದ ಹತ್ತಿರಕ್ಕೂ ಹೋಗುವುದಿಲ್ಲ, ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ತುಟಿ ಚಪ್ಪರಿಸುತ್ತೆ. ಅಂದರೆ ಡೋಪಮೈನ್ ಸುಖದ ರಸ ಅಲ್ಲ, ಎಳೆದುಕೊಂಡು ಹೋಗುವ ಹಗ್ಗ.

ಬಾರ್ ಬೋರ್ಡಿನ ವಿಷಯಕ್ಕೆ ಬಂದರೆ, ವೋಲ್ಫ್ರಾಮ್ ಶುಲ್ಟ್ಸ್ ಅನ್ನೋ ಮೆದುಳಿನ ವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗ ನೋಡಿ. ಮೊದಮೊದಲು ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ಕೋಶಗಳು ಚುರುಕಾಗುತ್ತಿದ್ದವು. ಲೈಟ್ ಹತ್ತಿದರೆ ರಸ ಬರುತ್ತೆ ಅಂತ ಕೋತಿ ಕಲಿತ ಮೇಲೆ, ಲೈಟ್ ಕಂಡಾಗಲೇ ಚುರುಕಾದವು, ರಸಕ್ಕೆ ಸುಮ್ಮನಿದ್ದವು. ಲೈಟ್ ಹತ್ತಿ ರಸ ಬರಲಿಲ್ಲ ಅಂದರೆ ಮಾಮೂಲಿಗಿಂತ ಕೆಳಕ್ಕೆ ಇಳಿದವು. ನಿಮ್ಮಣ್ಣನಿಗೆ ಆ ಬೋರ್ಡೇ ಲೈಟ್.

ಹಳೇಮೇಷ್ಟ್ರು:
ಎಲ್ಲದಕ್ಕೂ ಡೋಪಮೈನ್ ಅಂದುಬಿಟ್ಟರೆ ಮನುಷ್ಯ ಗೊಂಬೆ ಆಗಿಬಿಡುತ್ತಾನೆ, ಅದು ನನಗೆ ಒಪ್ಪಿಗೆ ಇಲ್ಲ. ವಿಯೆಟ್ನಾಂನಿಂದ 1971ರಲ್ಲಿ ಅಮೆರಿಕಕ್ಕೆ ಮರಳಿದ ಸೈನಿಕರನ್ನು ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಹಿಂಬಾಲಿಸಿ ನೋಡಿದರು. ಅಲ್ಲಿದ್ದಾಗ ಸುಮಾರು ಐದರಲ್ಲಿ ಒಬ್ಬರು ಹೆರಾಯಿನ್ ಥರದ ಅಮಲಿಗೆ ಅಂಟಿಕೊಂಡಿದ್ದರು. ಊರಿಗೆ ಬಂದ ಮೊದಲ ವರ್ಷ ಅವರಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಸುಮಾರು 5 ಜನ ಅಷ್ಟೇ. ಮೆದುಳು ಅದೇ, ಜಾಗ ಬದಲಾಯಿತು, ಜೊತೆಗಾರರು ಬದಲಾದರು.

ಸಂಜೆಮಲ್ಲಿಗೆ:
ಮೇಷ್ಟ್ರೇ, ನಾನು ಹೇಳಿದ್ದೂ ಅದನ್ನೇ ಅಲ್ವಾ? ಸೈನಿಕರ ಲೈಟ್ ವಿಯೆಟ್ನಾಂನಲ್ಲೇ ಉಳಿಯಿತು. ಕುಡಿತ ಬಿಟ್ಟು ಬರುವವನ ಲೈಟ್ ಅವನೂರಿನ ಬಸ್ ಸ್ಟಾಪಿನಲ್ಲೇ ಇರುತ್ತೆ.

ಒಂಬತ್ತುವರ್ಷ:
ನಾನು ಬಿಟ್ಟು ಒಂಬತ್ತು ವರ್ಷ. ಒಂದು ಸಲ ಜಾರಿದರೆ ಏಳು ತಿಂಗಳೂ ನೀರಿಗೆ ಹೋಯಿತು ಅಂತಲ್ಲ, ಮೊದಲು ಅದನ್ನು ಅವನಿಗೆ ಹೇಳಿ. ನಾಲ್ಟ್ರೆಕ್ಸೋನ್ ಅಂತ ಮಾತ್ರೆ ಇದೆ, ಆಸೆಯನ್ನೂ ಮಜಾನೂ ತಗ್ಗಿಸುತ್ತೆ. ಲಿವರ್ ನೋಡಿ ಡಾಕ್ಟರೇ ಬರೆದುಕೊಡಬೇಕು. ಸಾರಿನಲ್ಲಿ ಗೊತ್ತಾಗದ ಹಾಗೆ ಬೆರೆಸೋ ಪುಡಿ ಮಾತ್ರ ಬೇಡ. ಡೈಸಲ್ಫಿರಾಮ್ (ಕುಡಿದರೆ ಮೈಗೆ ಆಗದ ಹಾಗೆ ಮಾಡೋ ಔಷಧಿ) ಥರದ್ದೇನಾದರೂ ಅದರಲ್ಲಿದ್ದು, ಅದು ತಿಳಿಯದೆ ಕುಡಿದರೆ ಜೀವಕ್ಕೇ ಸಂಚಕಾರ. ಇನ್ನೊಂದು, ಮತ್ತೆ ದಿನಾ ಜಾಸ್ತಿ ಕುಡಿಯೋಕೆ ಶುರು ಮಾಡಿದ್ದರೆ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ, ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಮತಿ ತಪ್ಪಬಹುದು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಫೋನಿನಲ್ಲಿ ಕೇಳಬೇಕು ಅಂದರೆ ಟೆಲಿ ಮಾನಸ್, 14416.

ತಿಪಟೂರಿನವನು:
ಅವತ್ತೊಂದೇ ದಿನ ಕುಡಿದಿದ್ದು, ಆಮೇಲೆ ಮುಟ್ಟಿಲ್ಲ. ಅಪ್ಪನಿಗೆ ಕೋತಿ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇನ್ನು ಮೇಲೆ ಬಸ್ ಬೇಡ, ತುಮಕೂರಿಗೆ ರೈಲಲ್ಲಿ ಹೋಗಲಿ" ಅಂದರು.