ಅಣಬೆಗಿಂತ ಕಾಳುಮೆಣಸಿನಲ್ಲೇ ಸತ್ವ ಜಾಸ್ತಿ ಅಂತಾರೆ ಮಾವಯ್ಯ, ಹೌದಾ?

ಹಿತ್ತಿಲಕಡೆ, ಶಿರಸಿ:

ನಮ್ಮ ಮನೆ ಜಗಳಕ್ಕೆ ಒಂದು ತೀರ್ಪು ಕೊಡಿ.

ಹೋದ ಮಳೆಗಾಲದಿಂದ ಖಾಲಿ ಬಿದ್ದ ಕೊಟ್ಟಿಗೆಯಲ್ಲಿ ಚಿಪ್ಪಣಬೆ ಬೆಳೆಸುತ್ತಿದ್ದೇನೆ. ಭತ್ತದ ಹುಲ್ಲು ಕತ್ತರಿಸಿ, ನೆನೆಸಿ, ಬಚ್ಚಲ ಹಂಡೆಯಲ್ಲಿ ಬೇಯಿಸಿ, ನೀರು ಬಸಿದು, ಬೀಜದ ಜೊತೆ ಪದರ ಪದರವಾಗಿ ಚೀಲಕ್ಕೆ ತುಂಬೋದು. ಹದಿನೆಂಟು ಇಪ್ಪತ್ತು ದಿನಕ್ಕೆ ಚೀಲ ಪೂರ್ತಿ ಬೆಳ್ಳಗಾಗುತ್ತದೆ, ಆಮೇಲೆ ಮೊಗ್ಗು. ಈಗ ಎಂಟು ಚೀಲ ಇದೆ. ನಮ್ಮದು ಅಣಬೆ ಒಳಗೆ ಬಾರದ ಮನೆ. ಅತ್ತೆ ಪಾಪ, ಹಿತ್ತಿಲಲ್ಲಿ ನನಗೆ ಒಂದು ಸಣ್ಣ ಗ್ಯಾಸ್ ಒಲೆ, ಒಂದು ಬಾಣಲೆ ಬೇರೆ ಮಾಡಿಕೊಟ್ಟಿದ್ದಾರೆ. ಆ ಬಾಣಲೆ ಹೊಸ್ತಿಲು ದಾಟುವ ಹಾಗಿಲ್ಲ, ಅಷ್ಟೇ. ಇವರು, ಮಕ್ಕಳು ಕಟ್ಟೆ ಮೇಲೆ ಕೂತು ತಿನ್ನುತ್ತಾರೆ.

ತಕರಾರು ಮಾವಯ್ಯನದ್ದು. ಬೆಂಗಳೂರಿನ ಮೊಮ್ಮಗ ಮೊಬೈಲಿಗೆ ಒಂದು ಪಟ್ಟಿ ಕಳಿಸಿದ್ದಾನೆ. 100 ಗ್ರಾಂ ಅಣಬೆಯಲ್ಲಿ ಪ್ರೋಟೀನ್ 3 ಗ್ರಾಂ, 100 ಗ್ರಾಂ ಕಾಳುಮೆಣಸಿನಲ್ಲಿ 10 ಗ್ರಾಂ. ಕಬ್ಬಿಣ ಅಣಬೆಯಲ್ಲಿ ಒಂದು ಮಿಲಿಗ್ರಾಂ ಚಿಲ್ಲರೆ, ಮೆಣಸಿನಲ್ಲಿ 9ರ ಮೇಲೆ, ಅರಿಶಿನದಲ್ಲಂತೂ 55. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, "ತೋಟದಲ್ಲಿ ಮರ ಮರಕ್ಕೂ ಮಲ್ಲಿಗೆಸರ ಮೆಣಸಿನ ಬಳ್ಳಿ ಹಬ್ಬಿದೆ. ಅದನ್ನು ಬಿಟ್ಟು ಸೊಸೆ ಹುಲ್ಲಿನಲ್ಲಿ ಬೂಷ್ಟು ಬೆಳೆಸ್ತಾಳೆ" ಅಂತಾರೆ.

ಅತ್ತೆಗೆ ಹಿಮೋಗ್ಲೋಬಿನ್ 9.2 ಬಂದ ಮೇಲೆ ಇದು ಇನ್ನೂ ಜೋರಾಗಿದೆ. ದಿನಾ ಬೆಳಗ್ಗೆ ಅವರಿಗೆ ಮೆಣಸು, ಅರಿಶಿನದ ಕಷಾಯ. ಪಟ್ಟಿ ಸುಳ್ಳು ಅನ್ನೋಣ ಅಂದ್ರೆ, ಹುಡುಕಿದ ಕಡೆಯೆಲ್ಲ ಅದೇ ಲೆಕ್ಕ ಇದೆ. ಎಲ್ಲೋ ತಪ್ಪಿದೆ. ಎಲ್ಲಿ ಅಂತ ಹಿಡಿಯೋಕೆ ಆಗ್ತಿಲ್ಲ.

ಕೋಡಿಬಾಗದವಳು, ಕಾರವಾರ:

ಬೂಷ್ಟು ಅಂದ್ರಾ! ನಮ್ಮ ಕಡೆ ಮಳೆಗಾಲದಲ್ಲಿ ಹುತ್ತದ ಅಳಮಿ, ಅಂದ್ರೆ ಹುತ್ತದ ಮೇಲೆ ಏಳೋ ಅಣಬೆ, ಬಂತು ಅಂದ್ರೆ ಬೆಳಗ್ಗೆ ಬೇಗ ಹೋದವರಿಗೇ ಸಿಗೋದು. ಎಲೆಯಲ್ಲಿ ಕಟ್ಟಿ ಮಾರುತ್ತಾರೆ, ಆ ಬೆಲೆಗೆ ಒಳ್ಳೆ ಮೀನೇ ಬರುತ್ತದೆ. ಆದರೂ ತರುತ್ತೇವೆ. ಕಾಯಿ ಹುರಿದು ಮಸಾಲೆ ಅರೆದು ಸಾರು ಮಾಡಿದ ದಿನ ಪ್ರೋಟೀನ್ ಎಷ್ಟು ಅಂತ ಯಾರೂ ಕೇಳಿದ್ದಿಲ್ಲ.

ಹೊಳೆದಂಡೆ, ಕುಮಟಾ:

ಇಪ್ಪತ್ತಾರು ವರ್ಷ ಗೃಹವಿಜ್ಞಾನ ಪಾಠ ಮಾಡಿದವಳು, ಸ್ವಲ್ಪ ಉದ್ದವಾದರೆ ಬೇಸರ ಮಾಡ್ಕೋಬೇಡಿ.

ಪಟ್ಟಿ ಸುಳ್ಳಲ್ಲ ತಂಗಿ, ತೂಗಿದ್ದು ತಪ್ಪು. ಮಾವಯ್ಯ ಅಡಿಕೆ ಬೆಳೆಗಾರರು ಅಲ್ವಾ? ಒಂದು ಕ್ವಿಂಟಲ್ ಹಸಿ ಅಡಿಕೆಗೂ ಒಂದು ಕ್ವಿಂಟಲ್ ಒಣಗಿಸಿ ಸುಲಿದ ಚಾಲಿಗೂ ಒಂದೇ ದರ ಅಂದ್ರೆ ಒಪ್ತಾರಾ ಕೇಳಿ. ಆ ಪಟ್ಟಿ ಮಾಡಿದ್ದು ಅದನ್ನೇ. ಕಾಳುಮೆಣಸು ಅಂಗಳದಲ್ಲಿ ಒಣಗಿದ ಮಾಲು, ಅದರಲ್ಲಿ ನೀರು ನೂರಕ್ಕೆ ಹನ್ನೆರಡರ ಆಸುಪಾಸು. ಹಸಿ ಅಣಬೆಯಲ್ಲಿ ನೀರೇ ತೊಂಬತ್ತು. ನಿಮ್ಮ 100 ಗ್ರಾಂ ಚಿಪ್ಪಣಬೆ ಒಣಗಿಸಿದರೆ 10-11 ಗ್ರಾಂ ಉಳಿಯುತ್ತದೆ, ಆ 3 ಗ್ರಾಂ ಪ್ರೋಟೀನ್ ಅದರಲ್ಲೇ ಇರುತ್ತದೆ. ಅಂದರೆ ಒಣ ಅಣಬೆ 100 ಗ್ರಾಂಗೆ 30ರ ಹತ್ತಿರ. ಒಣಗಿದ್ದಕ್ಕೆ ಒಣಗಿದ್ದನ್ನು ಇಟ್ಟು ನೋಡಿ, ಮೆಣಸು ಅದರ ಮೂರನೇ ಒಂದು ಭಾಗ.

ಇನ್ನು ತಿನ್ನುವ ಅಳತೆ. ಅಣಬೆ ಪಲ್ಯ ಒಬ್ಬರೇ 100 ಗ್ರಾಂ ತಿಂದುಬಿಡಬಹುದು. ಮೆಣಸನ್ನು? ಒಂದು ಟೀ ಚಮಚ ಪುಡಿ ಅಂದರೆ 2 ಗ್ರಾಂ ಚಿಲ್ಲರೆ. ಅದರಲ್ಲಿ ಕಬ್ಬಿಣ 0.2 ಮಿಲಿಗ್ರಾಂ. ಅರ್ಧ ಚಮಚ ಅರಿಶಿನದಲ್ಲಿ 0.8 ಇರಬಹುದು, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪ. ನೀವು ಕಷಾಯ ಸೋಸುವವರಾದರೆ ಒಂದಷ್ಟು ಚರಟದಲ್ಲೇ ಹೋಯಿತು.

ಹಾಗಂತ ಮೆಣಸನ್ನು ಹೀಗಳೆಯಬೇಡಿ, ಅದರ ಕೆಲಸವೇ ಬೇರೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟು ನೋಡಿದ್ದರು. ಕರ್ಕ್ಯುಮಿನ್ ಅಂದರೆ ಅರಿಶಿನದ ಹಳದಿ ಸತ್ವ, ಪೈಪರೀನ್ ಅಂದರೆ ಮೆಣಸಿನ ಖಾರ. ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಸುಮಾರು 20 ಪಟ್ಟು ಜಾಸ್ತಿಯಾಯಿತು. ಕಷಾಯ ಕುಡಿಸುವವರೆಲ್ಲ ಇದನ್ನೇ ಹೇಳ್ತಾರೆ. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದೇ ನೂರಕ್ಕೆ ಮೂರರಷ್ಟು. 2 ಗ್ರಾಂ ಆಗಬೇಕಾದರೆ 60 ಗ್ರಾಂ ಮೇಲೆ ಅರಿಶಿನ ಬೇಕು. ಕುಡಿಯೋದು ಯಾರು?

9.2ಕ್ಕೆ ಕಷಾಯವೂ ಸಾಲದು, ನಿಮ್ಮ ಅಣಬೆಯೂ ಸಾಲದು. ಡಾಕ್ಟರ್ ಹೇಳಿದ ಮಾತ್ರೆ ನುಂಗಲಿ. ರಕ್ತ ಯಾಕೆ ಕಡಿಮೆಯಾಯಿತು ಅಂತ ನೋಡಿಸಿ. ಊಟ ಆದ ಕೂಡಲೇ ಚಹಾ ಬೇಡ, ಹರಿವೆ ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ, ನೆಲ್ಲಿಕಾಯಿ ತಂಬ್ಳಿ ಮಾಡಿ.

ಒಂದು ಮರೆತೆ. ಹೆಚ್ಚಿದ ಅಣಬೆಯನ್ನು ಮಧ್ಯಾಹ್ನದ ಬಿಸಿಲಿಗೆ ಅರ್ಧ ಗಂಟೆ ಇಟ್ಟರೆ ಅದರಲ್ಲಿ ಡಿ ವಿಟಮಿನ್ ಏರುತ್ತದೆ. ಶಿರಸಿಯ ಆಷಾಢದಲ್ಲಿ ಬಿಸಿಲು ಎಲ್ಲಿಂದ ತರ್ತೀರೋ ನನಗೆ ಗೊತ್ತಿಲ್ಲ.

ಬೆಟ್ಟದಂಚು, ಯಲ್ಲಾಪುರ:

ಇದನ್ನೆಲ್ಲ ಓದಿ ಯಾರೂ ಬೆಟ್ಟಕ್ಕೆ ಅಣಬೆ ಹುಡುಕಿಕೊಂಡು ಹೋಗಬೇಡಿ ಮಾರಾಯ್ರೆ. ನಾನು ಹೋಗಿದ್ದೆ. ಅರಿಶಿನ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ, ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು ಅಂತ ನಂಬಿದ್ದೆ. ಚಮಚ ಫಳಫಳ ಹೊಳೆಯುತ್ತಿತ್ತು. ರಾತ್ರಿಯಿಡೀ ವಾಂತಿ, ಬೆಳಗ್ಗೆ ಕೈಗೆ ಡ್ರಿಪ್. ಆ ಎರಡೂ ಪರೀಕ್ಷೆ ಸುಳ್ಳು. ಚೀಲದಲ್ಲಿ ಬೆಳೆದದ್ದು ತಿನ್ನಿ.

ಹಿತ್ತಿಲಕಡೆ, ಶಿರಸಿ:

ಹೊಳೆದಂಡೆ ಅಕ್ಕಾ, ನಿನ್ನೆ ಸಂಜೆ ಜಗಲಿಗೆ ಅಡುಗೆಮನೆ ತಕ್ಕಡಿ ತಂದಿಟ್ಟೆ. ಕಷಾಯಕ್ಕೆ ಹಾಕುವ ಕಾಳನ್ನು ಮಾವಯ್ಯನೇ ಎಣಿಸಿ ಇಟ್ಟರು. ಹನ್ನೆರಡು ಕಾಳು. ತಕ್ಕಡಿ ಸೊನ್ನೆ ಬಿಟ್ಟು ಏಳಲೇ ಇಲ್ಲ. "ಇದು ಕೆಟ್ಟಿದೆ" ಅಂದು ಐದು ರೂಪಾಯಿ ನಾಣ್ಯ ಹಾಕಿ ನೋಡಿದರು, 6 ಅಂತ ತೋರಿಸಿತು. ಮತ್ತೆ ಒಂದೊಂದೇ ಕಾಳು ಹಾಕುತ್ತಾ ಹೋದರು. ನಲವತ್ತಕ್ಕೆ 2 ಗ್ರಾಂ.

ಚಾಲಿಯ ಮಾತು ಹೇಳಿದೆ. ಏನೂ ಅನ್ನಲಿಲ್ಲ. ಎದ್ದು ಕೊಟ್ಟಿಗೆಗೆ ಹೋಗಿ ಚೀಲ ಮುಟ್ಟಿ, ಮೂಸಿ ನೋಡಿ ಬಂದರು. ಅತ್ತೆಗೆ ಮಾತ್ರೆ ಶುರುವಾಗಿದೆ, ಕಷಾಯವೂ ನಡೆದಿದೆ, ಇರಲಿ ಬಿಡಿ.

ಇವತ್ತು ಬೆಳಗ್ಗೆಯಿಂದ ಮಾವಯ್ಯನ ಪ್ರಶ್ನೆ ಬೇರೆ. ಒಣಗಿಸಿದ್ದಕ್ಕೆ ಕೇಜಿಗೆ ಏನು ರೇಟು ಅಂತೆ. ಯಾರಾದರೂ ಮಾರಿದ್ದರೆ ಹೇಳಿ.