ಕೋಳಿ ಹೊಟ್ಟೆಯಲ್ಲಿ ಕಲ್ಲು, ಹಸುವಿಗೆ ಯಾಕೆ ಬೇಡ?

ಪ್ರಶ್ನೆ: ಹೊಸತೊಡಕಿಗೆ ನಾಟಿಕೋಳಿ ಕ್ಲೀನ್ ಮಾಡುತ್ತಿದ್ದೆ. ಹೊಟ್ಟೆಯ ಗಟ್ಟಿ ಉಂಡೆ ಸೀಳಿದರೆ ರಾಗಿ ಜೊತೆ ಹದಿನೈದಿಪ್ಪತ್ತು ಸಣ್ಣ ಕಲ್ಲು, ಸವೆದು ನುಣುಪಾದ ಒಂದು ಬಳೆ ಚೂರು! ಒಳಗಿನ ಹಳದಿ ಪದರ ದಪ್ಪ ಸಿಪ್ಪೆ ಥರ ಎದ್ದು ಬಂತು. ನಮ್ಮ ಹಸು ಕಲ್ಲು ತಿನ್ನಲ್ಲ ಅಲ್ವಾ, ಅದು ಹೇಗೆ ಅರೆಯುತ್ತದೆ?

ಉತ್ತರ 1: ಕೋಳಿಗೆ ಹಲ್ಲಿಲ್ಲ ಸ್ವಾಮಿ, ಆ ಉಂಡೆಯೇ ಅದರ ಬೀಸುವ ಕಲ್ಲು. ಕಾಳು ಮೊದಲು ಕತ್ತಿನ ಬುಡದ ಚೀಲದಲ್ಲಿ ನೆನೆಯುತ್ತದೆ. ಆಮೇಲೆ ಸ್ವಲ್ಪ ಆಸಿಡ್ ಬೆರೆತು ಇಲ್ಲಿಗೆ ಬರುತ್ತದೆ. ಹಸುವಿಗೆ ದವಡೆ ಹಲ್ಲಿದೆ. (ಮೇಲ್ಗಡೆ ಮುಂದಿನ ಹಲ್ಲಿಲ್ಲ, ಬೇಕಾದರೆ ತುಟಿ ಎತ್ತಿ ನೋಡಿ.) ಹೊಟ್ಟೆಗೆ 4 ಕೋಣೆ. ಮೊದಲನೆಯದೇ ನೂರು ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ದೋಸೆ ಹಿಟ್ಟಿನ ಹಾಗೆ ಹುಳಿ ಬರಿಸುತ್ತವೆ. ಹಸು ಅದನ್ನೇ ಬಾಯಿಗೆ ತಂದು ಮೆಲುಕು ಹಾಕುತ್ತದೆ.

ಉತ್ತರ 2: ಕೋಳಿ ಬಳೆ ಚೂರು ಸವೆಸಿತು, ಸರಿ. ಹಸು ತಂತಿ ನುಂಗಿದರೆ ಕಷ್ಟ. ಎರಡನೇ ಕೋಣೆ ಒಳಗೆ ಜೇನುಗೂಡಿನ ಹಾಗಿದೆ, ತಂತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಮುಂದೆಯೇ ಗುಂಡಿಗೆ. ನಮ್ಮ ಗೌರಿ ಮೇವು ಬಿಟ್ಟು, ಬೆನ್ನು ಗೂನು ಮಾಡಿಕೊಂಡು ನಿಂತಿದ್ದಳು. ಡಾಕ್ಟರು ಆಯಸ್ಕಾಂತ ನುಂಗಿಸಿದರು. ಸದ್ಯ, ಉಳಿದಳು.

ಪ್ರಶ್ನೆ ಕೇಳಿದವರು: ಅಯ್ಯೋ, ಕೊಟ್ಟಿಗೆ ಪಕ್ಕ ಬೇಲಿ ತಂತಿ ಚೂರು ಬಿದ್ದಿವೆ, ಈಗಲೇ ಆರಿಸುತ್ತೇನೆ. ಸುಮ್ನೆ ಕೇಳ್ತೀನಿ, ಕುದುರೆ?

ಉತ್ತರ 1: ಮೆಲುಕು ಹಾಕಲ್ಲ. ಅದರ ಹುಳಿ ಬರಿಸುವ ಜಾಗ ಹಿಂದೆ, ದೊಡ್ಡ ಕರುಳಿನಲ್ಲಿ. ಪಿತ್ತಕೋಶವೂ ಇಲ್ಲ ಅದಕ್ಕೆ!