ಶೆಲ್ಟರ್‌ನಿಂದ ತಂದ ಅಂಜುಬುರುಕ ನಾಯಿ: ಪಶುವೈದ್ಯೆಗೆ ಕೇಳಿ

ಅಡ್ಮಿನ್: ಇವತ್ತು ಪಶುವೈದ್ಯೆ ಮೇಡಂ ಉತ್ತರಿಸ್ತಾರೆ. ನಾಯಿಯ ವಯಸ್ಸು, ಮನೆಗೆ ಬಂದು ಎಷ್ಟು ದಿನವಾಯ್ತು, ಊಟ, ನೀರು, ಮಲಮೂತ್ರ ಹೇಗಿದೆ ಅಂತ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಹೊಸಬ: ನಮಸ್ತೆ ಮೇಡಂ. ನಾಳೆ ಒಂದೂವರೆ ವರ್ಷದ ಗಂಡು ನಾಯಿ ಬರ್ತಿದೆ. ತುಂಬಾ ಅಂಜುತ್ತೆ ಅಂದಿದ್ದಾರೆ. ಮೊದಲ ದಿನ ಏನೇನು ಮಾಡಬೇಕು?

ಪಶುವೈದ್ಯೆ: ಆದಷ್ಟು ಕಡಿಮೆ ಮಾಡಿ. ಜನ ಓಡಾಡದ ಒಂದು ಕೋಣೆ, ಮರೆ ಇರುವ ಮೂಲೆಯಲ್ಲಿ ಹಾಸಿಗೆ, ನೀರು, ಅಷ್ಟು ಸಾಕು. ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರ ಕೊಡಿ. ಸ್ನಾನ ಬೇಡ, ನೋಡಲು ಬರುವ ನೆಂಟರೂ ಬೇಡ. ಹತ್ತಿರ ಕೂರಬೇಕೆನಿಸಿದರೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂರಿ, ದಿಟ್ಟಿಸಬೇಡಿ, ಮೇಲೆ ಬಾಗಬೇಡಿ. ತಿಂಡಿಯನ್ನು ಕೈಯಲ್ಲಿ ಹಿಡಿದು ಕರೆಯಬೇಡಿ, ಅದರ ಹಿಂದಕ್ಕೆ ಬೀಳುವಂತೆ ಎಸೆಯಿರಿ. ದೂರ ಹೋಗಿ ತಿಂದು, ಮನಸ್ಸಾದರೆ ತಾನೇ ತಿರುಗಿ ಬರುತ್ತದೆ. ಕೈಯಲ್ಲಿ ತೋರಿಸಿದರೆ ಹಸಿವಿಗೆ ಬಂದುಬಿಡುತ್ತದೆ. ತುಂಡು ನುಂಗಿದ ಮೇಲೆ ಇಷ್ಟು ಹತ್ತಿರ ಬಂದೆನಲ್ಲ ಅಂತ ಗಾಬರಿಯಾಗಿ ಆಗಲೇ ಬಾಯಿ ಹಾಕುವುದು.

ಕೆಂಪುಪಟ್ಟಿ: ಎರಡು ವರ್ಷದ್ದು, ನಿನ್ನೆ ಬಂತು. ನೀರು ಕುಡೀತಿದೆ, ಊಟ ಮುಟ್ಟಿಲ್ಲ.

ಪಶುವೈದ್ಯೆ: ವಾಂತಿ, ಭೇದಿ ಇಲ್ಲದೆ ನೀರು ಕುಡಿಯುತ್ತಿದ್ದರೆ, ಬೆಳೆದ ನಾಯಿಗೆ 48 ಗಂಟೆ ಕಾಯಬಹುದು. ಮರಿಯಾದರೆ ಕಾಯಬೇಡಿ, ಅದೇ ದಿನ ತೋರಿಸಿ. ತಟ್ಟೆ ಇಟ್ಟು ಹೊರಗೆ ಬನ್ನಿ. ತಿನ್ನುತ್ತದೋ ಇಲ್ಲವೋ ಅಂತ ಬಾಗಿಲಲ್ಲಿ ನಿಂತು ನೋಡಿದರೆ ತಿನ್ನುವುದಿಲ್ಲ.

ಮಳೆಗಾಲ: ಮೂರು ವರ್ಷದ ಹೆಣ್ಣು, ಮರಿ ಆಗದಂತೆ ಮಾಡಿಸೋ ಆಪರೇಷನ್ ಆಗಿಲ್ಲ, ಬಂದು 12 ದಿನ. ಮೊದಲು ಮಂಚದ ಕೆಳಗೇ ಇದ್ದು ರಾತ್ರಿ ಬಂದು ಪೂರ್ತಿ ತಿಂತಿತ್ತು. ಮೂರು ದಿನದಿಂದ ರಾತ್ರಿಯೂ ತಿಂತಿಲ್ಲ. ನೀರು ಮಾತ್ರ ಎರಡು ಬಟ್ಟಲು ಖಾಲಿ ಮಾಡುತ್ತೆ. ಹಿಂಭಾಗ ನೆಕ್ಕಿಕೊಳ್ತಿರುತ್ತೆ. ಹೊಂದಿಕೊಳ್ಳೋಕೆ ಟೈಮ್ ಬೇಕು ಅಂತ ಮನೇಲಿ ಹೇಳ್ತಿದ್ದಾರೆ.

ಪಶುವೈದ್ಯೆ: ಮಳೆಗಾಲ, ಇದನ್ನು ಅಂಜಿಕೆ ಅಂದುಕೊಳ್ಳಬೇಡಿ. ಅಂಜಿಕೆ ಮೊದಲ ದಿನಗಳಲ್ಲಿ ಜಾಸ್ತಿ ಇದ್ದು ಬರುಬರುತ್ತಾ ಇಳಿಯುತ್ತದೆ. ಒಂದು ವಾರ ಚೆನ್ನಾಗಿ ತಿಂದ ನಾಯಿ, ಮನೆಯಲ್ಲಿ ಏನೂ ಬದಲಾಗದೆ ತಿನ್ನುವುದನ್ನು ಬಿಟ್ಟರೆ ಮೊದಲು ಕಾಯಿಲೆ ಹುಡುಕಬೇಕು. ಆಪರೇಷನ್ ಆಗದ ಹೆಣ್ಣು, ಊಟ ಬಿಟ್ಟಿದೆ, ನೀರು ಜಾಸ್ತಿ, ಹಿಂಭಾಗ ನೆಕ್ಕುತ್ತಿದೆ. ಇಷ್ಟು ಸೇರಿದರೆ ನನಗೆ ಮೊದಲು ಬರುವ ಅನುಮಾನ ಗರ್ಭಕೋಶದಲ್ಲಿ ಕೀವು, ಪಯೋಮೆಟ್ರಾ. ಬೆದೆ ಮುಗಿದ ಕೆಲವು ವಾರಗಳಲ್ಲಿ ಬರುತ್ತದೆ. ಕೀವು ಹೊರಗೆ ಸೋರುತ್ತಿದ್ದರೆ ಕಾಣುತ್ತದೆ, ಗರ್ಭಕೊರಳು ಮುಚ್ಚಿದ್ದರೆ ಏನೂ ಕಾಣುವುದಿಲ್ಲ, ಅಪಾಯ ಇನ್ನೂ ಹೆಚ್ಚು. ಎರಡನೆಯ ಅನುಮಾನ ಉಣ್ಣೆ ಜ್ವರ, ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುವುದು. ಅದರಲ್ಲೂ ನಾಯಿ ಮಂಕಾಗಿ ಮೂಲೆ ಹಿಡಿಯುತ್ತದೆ, ನೋಡುವವರಿಗೆ ಪಾಪ ಅಂಜಿಕೆ ಅನ್ನಿಸುತ್ತದೆ.

ಈಗ ಮೂರು ವಿಷಯ ಹೇಳಿ. ಬೆದೆಗೆ ಬಂದಿದ್ದು ಯಾವಾಗ ಅಂತ ಶೆಲ್ಟರ್‌ನವರನ್ನು ಕೇಳಿ. ಮಲಗಿರುವಾಗ ದೂರದಿಂದಲೇ ಉಸಿರು ಎಣಿಸಿ, ನಿಮಿಷಕ್ಕೆ 30 ದಾಟಬಾರದು. ತುಟಿ ಎತ್ತಲು ಬಿಟ್ಟರೆ ಮಾತ್ರ ವಸಡು ನೋಡಿ. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಗುರ್ ಅಂದರೆ ಬಿಟ್ಟುಬಿಡಿ. ಹೊಟ್ಟೆ ಒತ್ತಿ ನೋಡಲೇಬೇಡಿ, ತುಂಬಿದ ಗರ್ಭಕೋಶ ಒಡೆಯಬಹುದು.

ಶ್ವಾನಪ್ರಿಯ: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: ಉಣ್ಣೆಗೂ ಭಯಕ್ಕೂ ಒಂದೇ ಮದ್ದು, ದಿನಾ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಊಟಕ್ಕೆ ಬೆರೆಸಿ 🙏

ಪಶುವೈದ್ಯೆ: ಬೇಡ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಪರಿಣಾಮ ಕಾಣಲು ಕೆಲವು ದಿನ ಬೇಕು, ಅದಕ್ಕೇ ಎಲ್ಲರೂ "ನಮ್ಮ ನಾಯಿಗೆ ಏನೂ ಆಗಲಿಲ್ಲ" ಅನ್ನುವುದು. ಉಣ್ಣೆ ಜ್ವರದಿಂದ ಮೊದಲೇ ರಕ್ತ ಕಮ್ಮಿಯಾದ ನಾಯಿಗೆ ಕೊಟ್ಟರೆ ಇನ್ನೂ ಕೆಟ್ಟದ್ದು. ಅಡ್ಮಿನ್, ದಯವಿಟ್ಟು ಅಳಿಸಿ.

ಶ್ವಾನಪ್ರಿಯ: ಒಳ್ಳೇದಕ್ಕೆ ಹಾಕಿದ್ದು ಮೇಡಂ.

ಗೂಡು: ನಮ್ಮದೂ ಊಟ ಮಾಡ್ತಿಲ್ಲ, ಏನು ಮಾಡೋದು?

ಪಶುವೈದ್ಯೆ: ಮೇಲೆ ಇದೆ.

ನಾಲ್ಕುಕಾಲು: ಬಂದು ನಾಲ್ಕು ದಿನ. ವಾಕಿಂಗ್‌ಗೆ ಪಾರ್ಕಿಗೆ ಕರ್ಕೊಂಡು ಹೋಗಬಹುದಾ? ಬರೀ ಕೊರಳಪಟ್ಟಿ ಇದೆ.

ಪಶುವೈದ್ಯೆ: ಬರೀ ಪಟ್ಟಿಯಲ್ಲಿ ಬಾಗಿಲೂ ದಾಟಿಸಬೇಡಿ. ಬೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಜಗ್ಗಿ ತಲೆ ತಗ್ಗಿಸಿ ನುಣುಚಿಕೊಳ್ಳುತ್ತದೆ. ಎದೆಯ ಹತ್ತಿರ ಒಂದು, ಪಕ್ಕೆಲುಬಿನ ಹಿಂದೆ ಸೊಂಟದ ಕಡೆ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ತನ್ನಿ. ಕೊರಳಪಟ್ಟಿಗೆ ಒಂದು ಲೀಶ್, ಹಾರ್ನೆಸ್‌ಗೆ ಒಂದು. ಪಟ್ಟಿಯೊಳಗೆ ಎರಡು ಬೆರಳು ಹಿಡಿಯುವಷ್ಟೇ ಸಡಿಲ. ಫೋನ್ ನಂಬರಿನ ಬಿಲ್ಲೆ ಇವತ್ತೇ ಕಟ್ಟಿ. ಪಾರ್ಕು ಸದ್ಯಕ್ಕೆ ಬೇಡ. ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಬೇಡಿ, ಹೆಸರು ಕೂಗಬೇಡಿ. ಅದಕ್ಕೆ ಆ ಹೆಸರು ಇನ್ನೂ ಗೊತ್ತಿಲ್ಲ, ಕೂಗು ಮಾತ್ರ ಕೇಳಿಸುತ್ತದೆ. ಕಂಡರೆ ಬೆನ್ನು ತಿರುಗಿಸಿ ಕೂತು ತಿಂಡಿ ಚೆಲ್ಲಿ.

ಖಡಕ್: ಇಷ್ಟೆಲ್ಲ ನಾಜೂಕು ಬೇಡ. ಮಂಚದ ಕೆಳಗಿಂದ ಎಳೆದು ಹಾಲ್‌ನಲ್ಲಿ ಎಲ್ಲರ ಮಧ್ಯೆ ಕಟ್ಟಿ. ಎರಡೇ ದಿನಕ್ಕೆ ಭಯ ಬಿಡುತ್ತೆ. ಗುರ್ ಅಂದ್ರೆ ಮೂತಿಗೊಂದು ಕೊಡಿ, ಯಜಮಾನ ಯಾರು ಅಂತ ಗೊತ್ತಾಗಬೇಕು.

ಕೆಂಪುಪಟ್ಟಿ: ಅಯ್ಯೋ, ಇದು ಹಿಂಸೆ.

ಖಡಕ್: ನಿನ್ನೆ ನಾಯಿ ತಂದೋರು ಪಾಠ ಹೇಳ್ಬೇಡಿ.

ಗೂಡು: ಅವರ ಮಾತಲ್ಲಿ ಅರ್ಥ ಇದೆ. ಜಾಸ್ತಿ ಮುದ್ದು ಮಾಡಿದ್ರೆ ಭಯ ಜಾಸ್ತಿ ಆಗುತ್ತಂತೆ.

ಕೆಂಪುಪಟ್ಟಿ: ಅಂತೆ ಕಂತೆ! ಯಾರು ಹೇಳಿದ್ದು?

ಪಶುವೈದ್ಯೆ: ಗುರ್ ಅನ್ನುವುದು ಎಚ್ಚರಿಕೆ. ಹೊಡೆದರೆ ಎಚ್ಚರಿಕೆ ನಿಲ್ಲುತ್ತದೆ, ಭಯ ಅಲ್ಲೇ ಇರುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ, ಹೆಚ್ಚಾಗಿ ಮಕ್ಕಳಿಗೆ. ಹಾಲ್‌ನಲ್ಲಿ ಕಟ್ಟಿದ ನಾಯಿ ಅಲುಗಾಡದೆ ಕೂತರೆ ಅದು ಧೈರ್ಯವಲ್ಲ, ದಾರಿ ಕಾಣದೆ ಮರಗಟ್ಟಿರುವುದು. ಬಾಲ ಹೊಟ್ಟೆಗೆ ಅಂಟಿದೆಯಾ, ಕಣ್ಣಿನ ಬಿಳಿ ಕಾಣುತ್ತಿದೆಯಾ, ಮುಂದಿಟ್ಟ ತಿಂಡಿ ಹಾಗೇ ಇದೆಯಾ ನೋಡಿ. ಗೂಡು, ಸಮಾಧಾನ ಮಾಡಿದರೆ ಭಯ ಹೆಚ್ಚುವುದಿಲ್ಲ. ಅದಾಗಿ ನಿಮ್ಮ ಹತ್ತಿರ ಬಂದರೆ ಧಾರಾಳವಾಗಿ ಸವರಿ. ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ, ಇನ್ನೂ ಬೇಕಾದರೆ ಅದೇ ಒತ್ತಿಕೊಂಡು ಬರುತ್ತದೆ.

ಖಡಕ್: ಪುಸ್ತಕದ ಮಾತು.

ಬಾಗಿಲು: ಮನೇಲಿ ಬೆಕ್ಕಿದೆ. ಹೇಗೆ ಪರಿಚಯ ಮಾಡಿಸೋದು?

ಮಳೆಗಾಲ: ಮೇಡಂ, ಕೇಳಿದೆ. ಬೆದೆ ಮುಗಿದು ಒಂದೂವರೆ ತಿಂಗಳಾಯ್ತಂತೆ. ಉಸಿರು 44. ಈಗ ವಾಂತಿಯೂ ಆಯ್ತು. ನಾಳೆ ಬೆಳಿಗ್ಗೆ ಹೋದರೆ ಆಗುತ್ತಾ?

ಪಶುವೈದ್ಯೆ: ಆಗಲ್ಲ. ಈಗಲೇ ಹೊರಡಿ. ಸ್ಕ್ಯಾನ್ ಮತ್ತು ಆಪರೇಷನ್ ಎರಡೂ ಇರುವ ಆಸ್ಪತ್ರೆಗೆ ಫೋನ್ ಮಾಡಿ "ಆಪರೇಷನ್ ಆಗದ ಹೆಣ್ಣು, ಬೆದೆ ಮುಗಿದು ಆರು ವಾರ, ಪಯೋಮೆಟ್ರಾ ಅನುಮಾನ, ಅಂಜುತ್ತದೆ" ಅಂತ ಇಷ್ಟೇ ಹೇಳಿ. ಜನರ ಮಧ್ಯೆ ಕಾಯಿಸದೆ ನೇರ ಒಳಗೆ ಕರೆಯಲು ಕೇಳಿ. ಊಟ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು. ಕಾಲು ಹಿಡಿದು ಎಳೆಯಬೇಡಿ. ಮಂಚವನ್ನೇ ಎತ್ತಿ ಸರಿಸಿ, ದಪ್ಪ ಟವೆಲ್ ತಲೆ ಮೇಲೂ ಬರುವಂತೆ ನಿಧಾನ ಹೊದಿಸಿ, ಮೂಗು ಹೊರಗಿರಲಿ. ಒಬ್ಬರು ಎದೆ, ಇನ್ನೊಬ್ಬರು ಹಿಂಗಾಲಿನ ಕೆಳಗೆ ಕೈ ಕೊಟ್ಟು ಎತ್ತಿ, ಹೊಟ್ಟೆಗೆ ಒತ್ತಡ ಬೀಳಬಾರದು. ವಾಂತಿ ಮಾಡಿರುವುದರಿಂದ ಬಾಯಿ ಕಟ್ಟಬೇಡಿ. ಎತ್ತುವ ಮೊದಲೇ ಲೀಶ್ ಹಾಕಿರಿ.

ಶ್ವಾನಪ್ರಿಯ: ಗಾಬರಿ ಕಮ್ಮಿಯಾಗೋಕೆ ನಮ್ಮ ನಿದ್ದೆ ಮಾತ್ರೆ ಅರ್ಧ ಕೊಟ್ಟು ಕರ್ಕೊಂಡು ಹೋಗಿ, ಆರಾಮ ಆಗುತ್ತೆ.

ಪಶುವೈದ್ಯೆ: ಮಳೆಗಾಲ, ಇದನ್ನು ಓದಬೇಡಿ, ಏನೂ ಕೊಡಬೇಡಿ. ಶ್ವಾನಪ್ರಿಯ, ಮನುಷ್ಯರ ನಿದ್ದೆ ಮಾತ್ರೆ, ನೋವಿನ ಮಾತ್ರೆ, ಯಾವುದನ್ನೂ ಈ ಗುಂಪಲ್ಲಿ ಹೇಳಬೇಡಿ. ಒಂದೇ ಒಂದು ಐಬುಪ್ರೊಫೇನ್ ಸಣ್ಣ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು. ಭಯಕ್ಕೆ ನಾಯಿಗಳಿಗೇ ಮಾತ್ರೆಗಳಿವೆ. ತೂಕ, ರಕ್ತಪರೀಕ್ಷೆ ನೋಡಿ ಬರೆಯುತ್ತೇವೆ. ದಿನಾ ಕೊಡುವ ಫ್ಲುಯೊಕ್ಸೆಟಿನ್‌ನಂಥವು ಹಿಡಿಯಲು ನಾಲ್ಕರಿಂದ ಆರು ವಾರ ಬೇಕು, ಇವತ್ತು ಸಂಜೆಗೆ ಉಪಯೋಗವಿಲ್ಲ.

ಖಡಕ್: ಎಲ್ಲದಕ್ಕೂ ಆಸ್ಪತ್ರೆಗೆ ಕಳಿಸೋದೇ ಇವರ ಕೆಲಸ.

ಕೆಂಪುಪಟ್ಟಿ: ನಿಮಗೆ ಬೇಡವಾದ್ರೆ ಗುಂಪು ಬಿಡಿ ಸ್ವಾಮಿ.

ಗೂಡು: ಎರಡೂ ಕಡೆಯವರು ಸುಮ್ನಿರಿ. ಮೇಡಂ, ನಮ್ಮದು ಕೋಣೆಯಲ್ಲೇ ಮೂತ್ರ ಮಾಡ್ತಿದೆ.

ಪಶುವೈದ್ಯೆ: ಬೈಯಬೇಡಿ. ಅಮೋನಿಯಾ ಇರುವ ಕ್ಲೀನರ್ ಬಳಸಬೇಡಿ, ಅದಕ್ಕೂ ಮೂತ್ರದ್ದೇ ವಾಸನೆ. ಎನ್‌ಜೈಮ್ ಕ್ಲೀನರ್ ಹಾಕಿ.

ಬಾಗಿಲು: ಬೆಕ್ಕಿನ ಬಗ್ಗೆ ಕೇಳಿದ್ದೆ ಮೇಡಂ...

ಕೆಂಪುಪಟ್ಟಿ: 48 ಗಂಟೆ ಆಗ್ತಾ ಬಂತು. ಎರಡು ತುತ್ತು ತಿಂದಿದೆ. ಸಾಕಾ?

ಪಶುವೈದ್ಯೆ: ಸದ್ಯಕ್ಕೆ ಸಾಕು. ನಾಳೆಯೂ ಎರಡೇ ತುತ್ತಾದರೆ ತೋರಿಸಿ. ಮಳೆಗಾಲ, ಹೊರಟಿರಾ?

ಮಳೆಗಾಲ: ಗಾಡಿಯಲ್ಲಿದ್ದೇವೆ. ಟವೆಲ್ ಒಳಗೆ ಸುಮ್ಮನಿದೆ.

ಪಶುವೈದ್ಯೆ: ವಸಡು ಬೆಳ್ಳಗಾಗಿದ್ದರೆ ಬಾಗಿಲಲ್ಲೇ ಹೇಳಿ. ಸ್ಕ್ಯಾನ್ ಆದ ಮೇಲೆ ಬರೆಯಿರಿ. ಉಳಿದವರು ಇವತ್ತಿಗೆ ಪ್ರಶ್ನೆ ನಿಲ್ಲಿಸಿ.

ಅಡ್ಮಿನ್: ಬೆಳ್ಳುಳ್ಳಿ, ನಿದ್ದೆ ಮಾತ್ರೆ ಎರಡೂ ಪೋಸ್ಟ್ ಅಳಿಸಿದ್ದೇನೆ. ಕಾಮೆಂಟ್ ಬಂದ್.